ಕದ್ರಿಯ ಗುಡ್ಡ: ಒಂದು ಪರಿಶೀಲನೆ

ಮಂಗಳೂರು ನಗರವು ಸಮುದ್ರದ ಮಟ್ಟದಿಂದ ಮೆಟ್ಟಲು ಮೆಟ್ಟಲಾಗಿ ಮೇಲೇರುತ್ತ ಹೋಗುವ ಊರು. ಬಂದರಿನ ಬೀದಿಗಳನ್ನು ಬಿಟ್ಟು ಈಶಾನ್ಯ ದಿಕ್ಕಿಗೆ ನಡೆದರೆ ಮುರಕಲ್ಲಿನ ಗುಡ್ಡಗಳು ಒಂದರ ಹಿಂದೊಂದು ಇದಿರಾಗುತ್ತವೆ. ಇವುಗಳಲ್ಲಿ ಚರಿತ್ರೆಯ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದುದು ಕದ್ರಿಯ ಗುಡ್ಡ. ಒಂದು ಕಾಲಕ್ಕೆ ಪೇಟೆಯಿಂದ ದೂರವಾಗಿ, ಕಾಡಿನ ಅಂಚಿನಲ್ಲಿದ್ದ ಈ ಸ್ಥಳವು ಈಗ ನಗರದೊಳಗೇ ಸೇರಿಹೋಗಿದೆ. ಗುಡ್ಡದ ಅಡಿಯಲ್ಲಿ ಮಂಜುನಾಥನ ದೇವಾಲಯ, ಅದರ ಹಿಂದೆ ಊಟೆಯ ನೀರು ತುಂಬಿದ ಕೆರೆಗಳು, ಮೆಟ್ಟಲುಗಳನ್ನೇರಿದರೆ ಜೋಗಿಮಠ, ಅದಕ್ಕೆ ಸಮೀಪದಲ್ಲಿ ಪಾಂಡವರ ಗುಹೆಗಳೆಂದು ಜನ ಕರೆಯುವ, ಮುರಕಲ್ಲಿನಲ್ಲಿ ಕೊರೆದ ಗುಹೆಗಳು: ಇಷ್ಟು ಸಣ್ಣ ಆವರಣದಲ್ಲಿ ಬೌದ್ಧ, ಶೈವ, ನಾಥ ಸಂಪ್ರದಾಯಗಳು ಮೂರೂ ಒಂದರ ಮೇಲೊಂದು ಪದರವಾಗಿ ಕುಳಿತಿರುವುದನ್ನು ಕರಾವಳಿಯ ಬೇರೆ ಕಡೆ ಕಾಣುವುದು ಕಷ್ಟ.

ನಮ್ಮ ವಿಚಾರಕ್ಕೆ ಮುಖ್ಯ ಆಧಾರವು ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಮತ್ತು ಅದರ ಪೀಠದ ಮೇಲಿನ ಸಂಸ್ಕೃತ ಶಾಸನ. ಮೂರು ಮುಖ, ಆರು ಕೈಗಳುಳ್ಳ ಈ ಆಸೀನ ಮೂರ್ತಿಯು ದಕ್ಷಿಣ ಭಾರತದ ಲೋಹಶಿಲ್ಪಗಳಲ್ಲಿ ಉತ್ತಮ ಪಂಕ್ತಿಗೆ ಸೇರತಕ್ಕದ್ದು. ಆಳುಪ ವಂಶದ ಕುಂದವರ್ಮನೆಂಬ ಅರಸನು ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರ ದೇವರನ್ನು ಪ್ರತಿಷ್ಠಾಪಿಸಿದನೆಂಬುದು ಶಾಸನದ ಸಾರ. ಕಾಲವನ್ನು ಕಲಿವರ್ಷದಲ್ಲಿ ಹೇಳಿದೆ, ಅದು ಕ್ರಿ.ಶ. 968ಕ್ಕೆ ಸರಿಹೊಂದುತ್ತದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ದಿನವನ್ನು ಆ ವರ್ಷದ ಜನವರಿ 13 ಎಂದು ಗಣಿಸಿರುವುದುಂಟು. ಕದ್ರಿಯ ಜಾತ್ರೆ ಮಕರ ಸಂಕ್ರಮಣದ ಕಾಲದಲ್ಲಿ ನಡೆಯುವುದರಿಂದ, ಸಾವಿರ ವರ್ಷದ ಹಿಂದಿನ ಪ್ರತಿಷ್ಠೆಯ ನೆನಪೇ ಜಾತ್ರೆಯಾಗಿ ಉಳಿದು ಬಂದಿದೆಯೆಂದು ಉತ್ಸಾಹಿಗಳು ಹೇಳಬಹುದು. ಆದರೆ ಹತ್ತನೆಯ ಶತಮಾನದಲ್ಲಿ ಸಂಕ್ರಮಣವು ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಬೀಳುತ್ತಿತ್ತು. ಆದುದರಿಂದ ಈ ಹೊಂದಿಕೆಗೆ ನಾವು ಬೆಲೆ ಕೊಡಲಾರೆವು.

ಊರಿನ ಹೆಸರಿನ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ನಾಥಪಂಥದವರು ಇದನ್ನು ಕದಳೀವನವೆಂದು ಕರೆದು ಮತ್ಸ್ಯೇಂದ್ರನಾಥನ ಕಥೆಗೆ ಜೋಡಿಸುತ್ತಾರೆ. ಬಾಳೆಯ ತೋಟಗಳಿಗೆ ತುಳುನಾಡಿನಲ್ಲಿ ಎಂದೂ ಕೊರತೆಯಿಲ್ಲವಾದುದರಿಂದ ಈ ನಿಷ್ಪತ್ತಿಯು ಮೇಲುನೋಟಕ್ಕೆ ಸಹಜವಾಗಿಯೇ ತೋರುತ್ತದೆ. ಆದರೂ ಶಾಸನದ ಕದಿರಿಕಾ ಎಂಬ ರೂಪವನ್ನು ಇದಿರಿಗಿಟ್ಟುಕೊಂಡಾಗ ಕದ್ರಿ ಎಂಬುದು ಅದರಿಂದಲೇ ಸವೆದು ಬಂದುದೆಂದೂ, ಕದಳಿಯು ಅನಂತರ ಬಂದ ವ್ಯಾಖ್ಯಾನವೆಂದೂ ನಮಗೆ ತೋರುತ್ತದೆ.

ಇನ್ನು ಮುಖ್ಯವಾದ ವಿವಾದಕ್ಕೆ ಬರೋಣ. ಇಲ್ಲಿ ಬೌದ್ಧ ವಿಹಾರವಿತ್ತೆ? ಇದ್ದುದಾದರೆ ಅದು ಶಿವಾಲಯವಾದುದು ಹೇಗೆ? ಲೋಕೇಶ್ವರನೆಂದರೆ ಬೋಧಿಸತ್ತ್ವ ಅವಲೋಕಿತೇಶ್ವರನೆಂಬುದು ಪ್ರಸಿದ್ಧವಾದ ವಿಷಯ. ವಿಹಾರವೆಂಬ ಶಬ್ದವೂ ಬೌದ್ಧರ ನೆಲೆಯನ್ನೇ ಸೂಚಿಸುತ್ತದೆ. ಮಂಜೇಶ್ವರದ ಗೋವಿಂದ ಪೈಗಳು (1883–1963) ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಮಂಜುನಾಥನೆಂಬ ಹೆಸರಿನ ಹಿಂದೆಯೂ ಮಂಜುಘೋಷನೆಂಬ ಬೋಧಿಸತ್ತ್ವನನ್ನು ಕಂಡರು. ಅವರ ಪಾಂಡಿತ್ಯಕ್ಕೆ ತಲೆಬಾಗಿಯೂ ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತೂಗಬೇಕೆಂದು ನಾವು ಭಾವಿಸುತ್ತೇವೆ. ವಿಹಾರವಿದ್ದಿತೆಂಬುದಕ್ಕೆ ಶಾಸನವೇ ಸಾಕ್ಷಿ. ಮಂಜುಘೋಷನಿಗೆ ಸಾಕ್ಷಿಯಾಗಿರುವುದು ಹೆಸರಿನ ಧ್ವನಿಸಾಮ್ಯವೊಂದೇ. ಮೊದಲನೆಯದರ ಬಲವನ್ನು ಎರಡನೆಯದಕ್ಕೆ ಎರವಲು ಕೊಡಲಾಗದು.

ಶೈವರು ಬೌದ್ಧರನ್ನು ಓಡಿಸಿ ವಿಹಾರವನ್ನು ಕಸಿದುಕೊಂಡರೆಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ವಿರುದ್ಧವಾಗಿ, ಬೌದ್ಧರು ಇಲ್ಲಿ ಇರಲೇ ಇಲ್ಲವೆನ್ನುವವರೂ ಇದ್ದಾರೆ. ಇಬ್ಬರೂ ಶಾಸನವನ್ನು ಪೂರ್ತಿಯಾಗಿ ಓದಿದಂತೆ ಕಾಣುವುದಿಲ್ಲ. ಏಕೆಂದರೆ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ಕುಂದವರ್ಮನನ್ನು ಅದೇ ಶಾಸನವು ಬಾಲಚಂದ್ರನನ್ನು ಶಿರೋಭೂಷಣವಾಗುಳ್ಳ ದೇವರ, ಅಂದರೆ ಶಿವನ, ಪಾದಕಮಲದ ದುಂಬಿಯೆಂದು ವರ್ಣಿಸುತ್ತದೆ. ಶಿವಭಕ್ತನಾದ ಅರಸನು ವಿಹಾರದಲ್ಲಿ ಬೋಧಿಸತ್ತ್ವನನ್ನು ಸ್ಥಾಪಿಸಿ, ಎರಡನ್ನೂ ಒಂದೇ ಪೀಠದ ಮೇಲೆ ಬರೆಯಿಸಲು ಹಿಂಜರಿಯಲಿಲ್ಲ. ಕಸಿದುಕೊಂಡವರ ಕಥೆಗೂ ಇಲ್ಲವೇ ಇಲ್ಲವೆನ್ನುವವರ ಕಥೆಗೂ ಈ ಪೀಠವು ಅಡ್ಡವಾಗಿ ನಿಂತಿದೆ. ಇದೇ ಬಗೆಯ ಬೆರಕೆಯನ್ನು ನೇಪಾಳದಲ್ಲಿ ಕಣ್ಣಾರೆ ಕಾಣಬಹುದು. ಪಾಟನ್ ನಗರದಲ್ಲಿ ರಥವೇರುವ ಕೆಂಪು ಮತ್ಸ್ಯೇಂದ್ರನಾಥನನ್ನು ಬೌದ್ಧರು ಲೋಕೇಶ್ವರನೆಂದೂ ಹಿಂದೂಗಳು ನಾಥಗುರುವೆಂದೂ ಪೂಜಿಸುತ್ತಾರೆ, ಮೂರ್ತಿ ಒಂದೇ. ಲೋಕೇಶ್ವರನಿದ್ದ ಕದ್ರಿಗೆ ಮತ್ಸ್ಯೇಂದ್ರನ ಶಿಷ್ಯಪರಂಪರೆ ಬಂದು ನೆಲೆಸಿದುದು ಆಕಸ್ಮಿಕವಾಗಿರಲಾರದು. ಮತ್ಸ್ಯೇಂದ್ರ, ಗೋರಕ್ಷರ ಶಿಲಾವಿಗ್ರಹಗಳು ಲೋಕೇಶ್ವರನ ನೆರೆಯಲ್ಲಿಯೇ ಇರುವುದನ್ನು ಈ ಬೆಳಕಿನಲ್ಲಿ ನೋಡಬೇಕು.

ನಾಥರ ಕಾಲದ ಕದ್ರಿಗೆ ಒಬ್ಬ ವಿದೇಶೀಯ ಸಾಕ್ಷಿ ದೊರೆತಿರುವುದು ನಮ್ಮ ಭಾಗ್ಯ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಅಲ್ಲಿಂದ ಕರಾವಳಿಗಿಳಿದನು. ಉಳ್ಳಾಲದ ರಾಣಿಯನ್ನು ಭೇಟಿಮಾಡಿದ ಅದೇ ಡಿಸೆಂಬರಿನಲ್ಲಿ ಅವನು ಕದ್ರಿಯ ‘ಜೋಗಿಗಳ ಅರಸ’ನನ್ನೂ ನೋಡಹೋದನು. ಅರಸನೆಂಬ ಹೆಸರು ಕೇಳಿ ಹೋದವನಿಗೆ ಕಂಡುದು ರೈತನಂತೆ ತನ್ನ ಕೆಲಸದಲ್ಲಿ ತೊಡಗಿದ್ದ ಒಬ್ಬ ಮುದುಕ: ಬಿಳಿಯ ಉದ್ದ ಗಡ್ಡ, ಗಟ್ಟಿಮುಟ್ಟಾದ ಮೈ, ತಲೆಯ ಮೇಲೆ ಕೆಂಪು ಕುಲಾವಿ, ಕಿವಿಗಳಲ್ಲಿ ಚಿನ್ನದಂತೆ ತೋರುವ ಗುಂಡುಗಳು, ಅವುಗಳ ಭಾರಕ್ಕೆ ಜೋತುಬಿದ್ದ ಹಾಲೆಗಳು. ನೇಪಲ್ಸಿನಲ್ಲಿದ್ದ ಮಿತ್ರನಿಗೆ ಬರೆದ ಪತ್ರದಲ್ಲಿ ಅವನು ಇದನ್ನೆಲ್ಲ ತುಸು ನಗುತ್ತಲೇ ವರ್ಣಿಸಿದ್ದಾನೆ. ಅವನ ನಗೆ ಏನೇ ಇರಲಿ, ಹದಿನೇಳನೆಯ ಶತಮಾನದ ಆರಂಭದಲ್ಲಿ ಮಠದ ಒಡೆಯನಿಗೆ ಅರಸನೆಂಬ ಬಿರುದಿತ್ತು, ಆ ಅರಸು ಮೈಮುರಿದು ದುಡಿಯುತ್ತಿದ್ದನು ಎಂಬೆರಡು ಸಂಗತಿಗಳು ನಮಗೆ ಅದರಿಂದ ಲಭಿಸಿವೆ. ಆ ಬಿರುದು ಅಳಿದಿಲ್ಲ. ಹನ್ನೆರಡು ವರ್ಷಗಳಿಗೊಮ್ಮೆ, ನಾಸಿಕದ ತ್ರ್ಯಂಬಕೇಶ್ವರದಲ್ಲಿ ಕುಂಭಮೇಳವಾದ ಬಳಿಕ, ನಾಥ ಸಾಧುಗಳ ಝುಂಡಿಯು ಕಾಲ್ನಡೆಯಿಂದ ಕದ್ರಿಗೆ ಬಂದು ಮಠಕ್ಕೆ ಹೊಸ ರಾಜನನ್ನು ಕೂರಿಸುತ್ತದೆ. 2004ರಲ್ಲಿಯೂ 2016ರಲ್ಲಿಯೂ ಹೀಗೆಯೇ ನಡೆಯಿತು.

ಧರ್ಮಸ್ಥಳದ ಮಂಜುನಾಥ ಲಿಂಗವನ್ನು ಅಣ್ಣಪ್ಪನು ಕದ್ರಿಯಿಂದಲೇ ತಂದನೆಂಬ ಐತಿಹ್ಯವು ಎಲ್ಲರಿಗೂ ತಿಳಿದುದೇ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ನಾವು ಒತ್ತಿ ಹೇಳಬೇಕಾದುದು ಗುಹೆಗಳ ವಿಷಯ. ಅವು ಭಿಕ್ಷುಗಳ ವಾಸಸ್ಥಾನವೆಂದು ಕೆಲವರೂ, ಜೋಗಿಗಳ ತಪಸ್ಸಿನ ಸ್ಥಾನವೆಂದು ಕೆಲವರೂ ಬರೆದಿದ್ದಾರೆ. ಮುರಕಲ್ಲು ನೆಲದೊಳಗಿರುವಾಗ ಮೆದುವಾಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಬಿರುಸಾಗುವ ಕಲ್ಲು. ಇಟ್ಟಿಗೆಯಂತೆ ಕಡಿಯಬಹುದಾದ ಈ ಗುಣದಿಂದಲೇ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಕೊರೆಯುವುದು ಸುಲಭವಾದ ಕಲ್ಲಿನಲ್ಲಿ ಯಾರು ಬೇಕಾದರೂ, ಯಾವ ಶತಮಾನದಲ್ಲಿ ಬೇಕಾದರೂ ಗುಹೆ ತೋಡಬಹುದು. ಮಳೆಗೆ ಸವೆಯುವ ಮೈಯಲ್ಲಿ ಉಳಿಯ ಗುರುತಿನಿಂದ ಕಾಲ ನಿರ್ಣಯಿಸುವುದಂತೂ ಆಗದ ಮಾತು. ಉತ್ತರವೇನಾದರೂ ಇದ್ದರೆ ಅದು ಗುಹೆಯ ಗೋಡೆಯಲ್ಲಿಲ್ಲ, ಸುತ್ತಲಿನ ಮಣ್ಣಿನಲ್ಲಿದೆ: ಮಡಕೆಯ ಚೂರು, ಹಂಚು, ನಾಣ್ಯ, ಇದ್ದಿಲು, ಇಂಥವುಗಳಲ್ಲಿ.

ಆ ಮಣ್ಣೇ ಈಗ ಕದಲುತ್ತಿದೆ. ಗುಡ್ಡದ ಮೇಲೆ ಉದ್ಯಾನವಾಯಿತು. 1976ರಲ್ಲಿ ಆರಂಭವಾದ ಆಕಾಶವಾಣಿಯ ಕೇಂದ್ರವೂ ಈ ಗುಡ್ಡದಲ್ಲಿಯೇ ನೆಲೆಗೊಂಡಿತು. ಇಳಿಜಾರುಗಳನ್ನು ಕಡಿದು ಬಹುಮಹಡಿಯ ವಸತಿಗಳು ಎದ್ದಿವೆ. ಬೆಳೆಯುವ ನಗರವನ್ನು ದೂರುವುದರಿಂದ ಪ್ರಯೋಜನವಿಲ್ಲ. ಜನರಿಗೆ ಮನೆ ಬೇಕು. ಆದರೆ ಯಂತ್ರವು ಒಂದು ಮಧ್ಯಾಹ್ನದಲ್ಲಿ ತೆಗೆದೊಯ್ಯುವ ಮಣ್ಣಿನ ಪದರಗಳನ್ನು ಯಾವ ಪಂಡಿತನೂ ಮತ್ತೆ ಜೋಡಿಸಲಾರನು. ಗುಹೆಗಳ ಮುಂದಿನ ಬಯಲನ್ನೂ ಕೆರೆಗಳ ಮೇಲ್ದಂಡೆಯನ್ನೂ ಅಳತೆಮಾಡಿ ನಕ್ಷೆ ತೆಗೆದು, ಎರಡು ಮೂರು ಕಡೆ ಸಣ್ಣ ಪರೀಕ್ಷಾ ಗುಳಿಗಳನ್ನು ತೋಡಿ ನೋಡುವುದು ಒಂದು ಬೇಸಗೆಯ ಕೆಲಸ. ಮಳೆಗಾಲಕ್ಕೆ ಮುಂಚೆ, ಮಠದ ಮತ್ತು ದೇವಾಲಯದ ಒಪ್ಪಿಗೆ ಪಡೆದು, ಮೊದಲು ಕೆರೆಗಳ ಮೇಲ್ದಂಡೆಯಿಂದ ಆರಂಭಿಸುವುದು ಉಚಿತ. ಅಲ್ಲಿನ ಮಣ್ಣು ಇನ್ನೂ ಹೆಚ್ಚು ಕೆದಕಿದಂತೆ ಕಾಣುವುದಿಲ್ಲ.