ಹೃದಯದ ಪ್ರತಿಧ್ವನಿ: ಎರವಲು ಉಪಕರಣವೊಂದರ ಇತಿಹಾಸ

ಶ್ರವಣಾತೀತ ಶಬ್ದತರಂಗಗಳಿಂದ ಹೃದಯವನ್ನು ಪರೀಕ್ಷಿಸುವ ಕ್ರಮವು ಇಂದು ‘ಎಕೋ’ ಎಂಬ ಹೆಸರಿನಿಂದ ಜನಸಾಮಾನ್ಯರಿಗೂ ಪರಿಚಿತವಾಗಿದೆ. ಹೊಸ ಯಂತ್ರವೇ ಹೊಸ ಜ್ಞಾನವನ್ನು ತರುತ್ತದೆಯೆಂಬ ಅಭಿಪ್ರಾಯವು ನಮ್ಮಲ್ಲಿ ಬಲವಾಗಿದೆ. ಆದರೆ ಈ ಕ್ರಮದ ಉಗಮವನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಗೋಚರವಾಗುತ್ತದೆ. ಯಂತ್ರವು ಅನ್ಯ ಕಾರ್ಯಕ್ಕಾಗಿ ಆಗಲೇ ಇದ್ದಿತು. ಅದನ್ನು ಹೃದಯದ ಕಡೆಗೆ ತಿರುಗಿಸಿದುದು ವೈದ್ಯನೊಬ್ಬನ ಪ್ರಶ್ನೆ.

ಆ ವೈದ್ಯರು ಸ್ವೀಡನ್ ದೇಶದ ಲುಂಡ್ ನಗರದ ಇಂಗೆ ಎಡ್ಲರ್. ರುಮಾಟಿಕ್ ಜ್ವರದ ಪರಿಣಾಮವಾಗಿ ಹೃದಯದ ಎಡಭಾಗದ ಮೈಟ್ರಲ್ ಕವಾಟವು ಕೆಲವರಲ್ಲಿ ಸಂಕುಚಿತವಾಗುತ್ತದೆ; ಕೆಲವರಲ್ಲಿ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತವನ್ನು ಹಿಂದಕ್ಕೆ ಬಿಡುತ್ತದೆ. ಸಂಕುಚಿತ ಕವಾಟವನ್ನು ಶಸ್ತ್ರಚಿಕಿತ್ಸೆಯಿಂದ ಅಗಲಿಸುವುದು ಆ ವೇಳೆಗೆ ಸಾಧ್ಯವಾಗಿತ್ತು. ಸೋರುವ ಕವಾಟಕ್ಕಾದರೋ ಅದೇ ಚಿಕಿತ್ಸೆ ನಿಷ್ಫಲ, ಅಪಾಯಕರ ಕೂಡ. ಎದೆಯನ್ನು ತೆರೆಯುವ ಮುನ್ನ ಇವೆರಡನ್ನೂ ಖಚಿತವಾಗಿ ಬೇರ್ಪಡಿಸಿ ಹೇಳುವುದು ಕಷ್ಟವಾಗಿತ್ತು. ರೋಗಿಯ ಪ್ರಾಣವು ಈ ನಿರ್ಣಯವನ್ನು ಅವಲಂಬಿಸಿತ್ತು.

ಎಡ್ಲರರು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರ ನೆರವನ್ನು ಕೋರಿದರು. ಮಾಲ್ಮೋ ನಗರದ ಕೊಕುಮ್ಸ್ ಹಡಗು ಕಾರ್ಖಾನೆಯಲ್ಲಿ ಲೋಹದೊಳಗಿನ ದೋಷಗಳನ್ನು ಹುಡುಕುವ ಸೀಮೆನ್ಸ್ ಉಪಕರಣವೊಂದಿತ್ತು. ಶಬ್ದತರಂಗವು ಎರಡು ಭಿನ್ನ ಪದಾರ್ಥಗಳ ಗಡಿಯಲ್ಲಿ ಪ್ರತಿಫಲಿಸುತ್ತದೆ. ಅದು ಮರಳಲು ಹಿಡಿದ ಕಾಲದಿಂದ ಗಡಿಯ ದೂರವನ್ನು ಗಣಿಸಬಹುದು. ಹರ್ಟ್ಸರು 1953ರಲ್ಲಿ ಆ ಉಪಕರಣವನ್ನು ಎರವಲಾಗಿ ಪಡೆದು ತಮ್ಮ ಎದೆಯ ಮೇಲೆಯೇ ಪ್ರಯೋಗಿಸಿದರು. ನಾಡಿಯೊಡನೆ ಚಲಿಸುವ ಪ್ರತಿಧ್ವನಿಯು ತೆರೆಯ ಮೇಲೆ ಕಾಣಿಸಿತು. ಮುಂದೆ ಸೀಮೆನ್ಸ್ ಸಂಸ್ಥೆಯೇ ಉಪಕರಣವೊಂದನ್ನು ಒದಗಿಸಿತು. ಅದೇ ವರ್ಷದ ಅಕ್ಟೋಬರ್ 29ರಂದು ಹೃದಯದ ಚಲನೆಯನ್ನು ದಾಖಲಿಸಲಾಯಿತು. 1954ರಲ್ಲಿ ಈ ಕ್ರಮವನ್ನು ಕುರಿತ ಲೇಖನವು ಪ್ರಕಟವಾಯಿತು.

ಸಂಕುಚಿತ ಕವಾಟವುಳ್ಳವರಲ್ಲಿ ಪ್ರತಿಧ್ವನಿಯ ರೇಖೆಯು ಆರೋಗ್ಯವಂತರಲ್ಲಿರುವಂತೆ ಥಟ್ಟನೆ ಇಳಿಯದೆ ನಿಧಾನವಾಗಿ ಇಳಿಯುತ್ತಿದ್ದಿತು. ಈ ಲಕ್ಷಣವು ರೋಗನಿರ್ಣಯಕ್ಕೆ ಉಪಯುಕ್ತವಾಯಿತು. ಆದರೆ ಆ ರೇಖೆಯು ಎಡ ಹೃತ್ಕರ್ಣದ ಗೋಡೆಯದೆಂದು ಎಡ್ಲರರು ಮೊದಲು ಭಾವಿಸಿದ್ದರು. ಮೃತದೇಹಗಳ ಪರೀಕ್ಷೆಯಿಂದ ಅದು ಮೈಟ್ರಲ್ ಕವಾಟದ ಮುಂದಿನ ಎಸಳಿನದೆಂದು ಅವರೇ ಕಂಡುಕೊಂಡು, ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಈ ತಿದ್ದುಪಡಿಯಿಂದಲೇ ಕ್ರಮವು ದೃಢವಾದ ತಳಹದಿಯ ಮೇಲೆ ನಿಂತಿತೆನ್ನಬಹುದು.

ಇವರಿಬ್ಬರಿಗೆ 1977ರಲ್ಲಿ ಲಾಸ್ಕರ್ ಪ್ರಶಸ್ತಿಯು ಲಭಿಸಿತು. ರುಮಾಟಿಕ್ ಹೃದ್ರೋಗವು ಭಾರತದಲ್ಲಿ ಇನ್ನೂ ಅಳಿದಿಲ್ಲವಾದುದರಿಂದ, ಲುಂಡ್ ನಗರದ ಆ ಪ್ರಶ್ನೆಯು ನಮ್ಮ ಆಸ್ಪತ್ರೆಗಳಲ್ಲಿಯೂ ಕೇಳಿಬರುತ್ತಲೇ ಇದೆ. ವಿಜ್ಞಾನದ ಚರಿತ್ರೆಯನ್ನು ಬೋಧಿಸುವವರು ಉಪಕರಣಗಳ ಪಟ್ಟಿಯನ್ನಷ್ಟೇ ಒಪ್ಪಿಸದೆ, ಅವುಗಳ ಹಿಂದಿನ ಪ್ರಶ್ನೆಯನ್ನೂ ತಿದ್ದಿಕೊಂಡ ತಪ್ಪನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.