ಗಣಿ ಮುಗಿದ ನೆಲದಲ್ಲಿ ಮಾಜಿ ಸೈನಿಕರ ವನಧಾಮ: ಕೋಲಾರದಿಂದ ಹಟ್ಟಿಯವರೆಗೆ ಒಂದು ವಿಚಾರ

ಸೇನೆಯಿಂದ ಮರಳಿದವರಿಗೆ ಊರಿನ ಗದ್ದಲದಿಂದ ದೂರ, ಕುರುಚಲು ಕಾಡಿನ ಮಗ್ಗುಲಲ್ಲಿ ಒಂದು ನೆಮ್ಮದಿಯ ನೆಲೆ ಬೇಕೆಂಬ ಚಿಂತನೆ ಹಲವು ದೇಶಗಳಲ್ಲಿ ಬೆಳೆದಿದೆ. ನಮ್ಮಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು. ಭಾರತೀಯ ಸೇನೆಯ ಸಾಮಾನ್ಯ ಸಿಪಾಯಿ 15ರಿಂದ 17 ವರ್ಷ ದುಡಿದು, ನಲವತ್ತು ತುಂಬುವ ಮೊದಲೇ ಮನೆಗೆ ಬರುತ್ತಾನೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಪೈಕಿ ಶೇ. 25ರಷ್ಟು ಜನರನ್ನು ಮಾತ್ರ ಉಳಿಸಿಕೊಂಡು, ಮಿಕ್ಕವರನ್ನು ನಾಲ್ಕೇ ವರ್ಷಕ್ಕೆ ಬಿಡುಗಡೆ ಮಾಡುವ ಏರ್ಪಾಟಿದೆ. ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯಂಥ ಹೆದ್ದಾರಿ ಊರಿಗೆ ಹೀಗೆ ಮರಳುವ ಯುವಕನ ಮುಂದೆ ಸಾಮಾನ್ಯವಾಗಿ ಉಳಿಯುವುದು ತೊಗರಿ, ಸೋಯಾ ಬೆಳೆವ ಮನೆತನದ ಒಣಹೊಲ, ಇಲ್ಲವೇ ದೂರದ ಪಟ್ಟಣದ ಕಾವಲು ಕೆಲಸ. ಈ ಲೇಖನದ ವಾದ ಇಷ್ಟು: ಗಣಿಗಾರಿಕೆ ಮುಗಿದ ಚಿನ್ನದ ಸೀಮೆಯಲ್ಲಿ ಇಂಥವರಿಗಾಗಿ ವನಧಾಮ ಕಟ್ಟುವುದು ಸಾಧ್ಯ ಮತ್ತು ಯೋಗ್ಯ, ಆದರೆ ಅದು ತುಂಡುಭೂಮಿ ಹಂಚುವ ಯೋಜನೆಯಾಗಬಾರದು, ಕೆಟ್ಟ ನೆಲವನ್ನು ಸ್ಥಳೀಯರೊಡನೆ ಕೂಡಿ ಗುಣಪಡಿಸುವ ಸಾಮೂಹಿಕ ದುಡಿಮೆಯಾಗಬೇಕು.

ಕೋಲಾರದ ಚಿನ್ನಕ್ಕೂ ಸೈನಿಕರಿಗೂ ಇರುವ ನಂಟು ಹಳೆಯದು. ಮೈಸೂರು ರಾಜ್ಯದ ಪೂರ್ವ ಗಡಿಯ ಮೋಜಣಿಗೆ 1802ರಲ್ಲಿ ಬಂದಿದ್ದ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್, ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದ. ಉರಿಗಾಂನ ಹಳ್ಳಿಗರು ಮಣ್ಣು ತುಂಬಿದ ಗಾಡಿ ಹೊಡೆದುಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಕಾದಾಡಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಲ್ಯಾವೆಲ್ ಎಂಬ ಐರಿಶ್ ಮಾಜಿ ಸೈನಿಕ 1875ರಲ್ಲಿ ಗಣಿ ತೋಡುವ ಪರವಾನಗಿ ಪಡೆದ. ಬಂಡವಾಳ ಸಾಲದೆ ಅವನ ಹಕ್ಕು ಸೇನಾಧಿಕಾರಿಗಳ ಒಂದು ಕೂಟದ ಕೈಸೇರಿತು. ಆಮೇಲೆ ಜಾನ್ ಟೇಲರ್ ಕಂಪನಿ ಬಂತು. ಮಣ್ಣು ತೊಳೆದು ತೋರಿಸಿದ ಹಳ್ಳಿಗರ ಅರಿವಿನ ಮೇಲೆಯೇ ಈ ಉದ್ಯಮ ನಿಂತಿತು, ಆದರೆ ನೆಲದ ಮೇಲಿನ ಹಕ್ಕು ಮಾತ್ರ ಅವರಿಗೆ ದಕ್ಕಲಿಲ್ಲ. ಇಂದಿನ ಯಾವ ಯೋಜನೆಯೂ ಮೊದಲು ನೆನೆಯಬೇಕಾದ ಪಾಠವಿದು.

ಗಣಿ ಉಳಿಸಿಹೋದದ್ದನ್ನೂ ನೋಡಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಪಡೆದು, ಮೂರು ಕಿಲೋಮೀಟರಿಗೂ ಆಳಕ್ಕಿಳಿದು, 800 ಟನ್ನಿಗೂ ಮಿಕ್ಕಿ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದುಕೊಂಡ ಮೇಲೆ ಉಳಿದ ನುಣ್ಣನೆಯ ಕೆಸರೇ ಒಣಗಿ ಊರ ನಡುವೆ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಬೇಸಿಗೆ ಗಾಳಿಗೆ ಅದರ ಬೂದುಬಣ್ಣದ ಧೂಳು ಮನೆಗಳೊಳಗೆ ಹೊಗುತ್ತದೆ. ಮಳೆಗೆ ದಿಬ್ಬದ ಮೈ ಕೊರೆದು ಕೆಳಗಿನ ಹೊಲಗಳತ್ತ ಹರಿಯುತ್ತದೆ. ಸೈನೈಡ್ ಬಿಸಿಲಿಗೆ ಕಾಲಕ್ರಮದಲ್ಲಿ ಒಡೆದುಹೋದರೂ ಗಂಧಕಯುಕ್ತ ಖನಿಜಗಳು ಹುಟ್ಟಿಸುವ ಆಮ್ಲ ಮತ್ತು ಭಾರಲೋಹಗಳು ಹಾಗೆ ಹೋಗುವಂಥವಲ್ಲ. ಸಾವಯವ ಅಂಶವಿಲ್ಲದ ಈ ಪುಡಿಯಲ್ಲಿ ಬೇರು ಹಿಡಿಸುವುದಕ್ಕೆ ವರ್ಷಗಟ್ಟಲೆ ಗೊಬ್ಬರ, ಒಡ್ಡು, ನೀರು ಮತ್ತು ಕಾವಲು ಬೇಕು. ಶಿಸ್ತಿನ, ದೀರ್ಘಕಾಲದ, ಗುಂಪುಗೂಡಿದ ದುಡಿಮೆ ಕೇಳುವ ಕೆಲಸವಿದು.

ಮಾಜಿ ಸೈನಿಕರಿಗೆ ನೆಲೆ ಕಲ್ಪಿಸಲು ಸರ್ಕಾರಗಳು ಸಾಮಾನ್ಯವಾಗಿ ಹಿಡಿದ ದಾರಿ ಭೂಮಿ ಮಂಜೂರಾತಿ. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲೂ ಅವರಿಗೆ ಮೀಸಲು ಪಾಲಿದೆ. ಭೂಮಿ ಗೌರವ ತರುತ್ತದೆ, ನಿಜ. ಆದರೆ ನೀರಿಲ್ಲದ ತುಂಡುಭೂಮಿ ಒಬ್ಬಂಟಿ ಸೈನಿಕನನ್ನು ಸಾಲಕ್ಕೆ ನೂಕುತ್ತದೆ. ಮೊದಲ ಮಹಾಯುದ್ಧದ ನಂತರ ಆಸ್ಟ್ರೇಲಿಯಾ ತನ್ನ ಯೋಧರನ್ನು ಹೀಗೆಯೇ ಹೊಲಗಳಲ್ಲಿ ನೆಲೆಗೊಳಿಸಲು ಹೊರಟಿತು. ಹಿಡುವಳಿ ಚಿಕ್ಕದು, ಕೈಯಲ್ಲಿ ಬಂಡವಾಳವಿಲ್ಲ, ಬೆಲೆ ಕುಸಿತ ಬೇರೆ. 1929ರಲ್ಲಿ ನ್ಯಾಯಮೂರ್ತಿ ಪೈಕ್ ನೀಡಿದ ವರದಿ ಲೆಕ್ಕಹಾಕಿದ ನಷ್ಟ 2.3 ಕೋಟಿ ಪೌಂಡುಗಳಿಗೂ ಹೆಚ್ಚು. ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ನಮ್ಮ ದೇಶದ್ದೇ. ಸುಣ್ಣಕಲ್ಲು ಗಣಿಗಾರಿಕೆಯಿಂದ ಬೋಳಾದ ಮಸ್ಸೂರಿ ಬೆಟ್ಟಗಳಲ್ಲಿ ಗಿಡ ಬೆಳೆಸಲು 1982ರಲ್ಲಿ ಪ್ರಾದೇಶಿಕ ಸೇನೆಯ 127ನೇ ಪರಿಸರ ಪಡೆ ಹುಟ್ಟಿತು. ಅದರಲ್ಲಿದ್ದವರು ಗಢ್ವಾಲ್ ಸೀಮೆಯ ಮಾಜಿ ಸೈನಿಕರು. ಯಾರಿಗೂ ಒಂಟಿ ಹೊಲ ಕೊಡಲಿಲ್ಲ. ಸಂಬಳ, ಸಂಗಡಿಗರು ಮತ್ತು ಗುರಿಯುಳ್ಳ ಕೆಲಸ ಕೊಟ್ಟರು. ಬೆಟ್ಟಗಳು ಮರಳಿ ಹಸಿರಾದವು. ಸೇನೆ ಬಿಟ್ಟವನು ಕಳೆದುಕೊಳ್ಳುವುದು ಸಂಬಳವೊಂದನ್ನೇ ಅಲ್ಲ, ಜೊತೆಗಾರರ ಬಳಗವನ್ನೂ. ಹೊಲ ಅದನ್ನು ತುಂಬಿಕೊಡಲಾರದು, ಪಡೆ ತುಂಬಿಕೊಡಬಲ್ಲದು.

ಕೋಲಾರದಲ್ಲೂ ಇಂಥದೇ ಪಡೆ ಕಟ್ಟಿ ಅದರವರಿಗೆ ವನಧಾಮ ಕಲ್ಪಿಸಬೇಕೆಂದರೆ ಮೂರು ಆಕ್ಷೇಪಗಳು ಏಳಬಹುದು. ಮನಸ್ಸು ದಣಿದವರನ್ನು ವಿಷದ ಧೂಳಿನ ಪಕ್ಕ ಕೂರಿಸುವುದೇ ಎಂಬುದು ಮೊದಲನೆಯದು. ವಸತಿ ದಿಬ್ಬದ ಮೇಲಿರಬೇಕಿಲ್ಲ. ಮಣ್ಣು, ನೀರು ಪರೀಕ್ಷಿಸಿ ಗಾಳಿ ಬೀಸಿಬರುವ ಕಡೆಯ ಶುದ್ಧ ನೆಲದಲ್ಲಿ ಮನೆ ಕಟ್ಟಬೇಕು, ಕೆಟ್ಟ ನೆಲದಲ್ಲಿ ತಿನ್ನುವ ಬೆಳೆ ಬೆಳೆಯದೆ ಲಾವಂಚ, ಹೊಂಗೆಯಂಥವನ್ನು ನೆಡಬೇಕು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಈ ನೆಲದ ಮೇಲೆ ಮೊದಲ ಹಕ್ಕು ಗಣಿ ಕಾರ್ಮಿಕರ ಕುಟುಂಬಗಳದ್ದು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರ ಮಕ್ಕಳು ಇನ್ನೂ ಹಳೆಯ ಕಿರಿದಾದ ಲೈನುಮನೆಗಳಲ್ಲಿದ್ದಾರೆ. ಅವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನಿಂದ ಬಂದ ದಲಿತರ ಸಂತತಿ. ಈ ಮಾತು ಸಂಪೂರ್ಣ ಸರಿ, ಆದ್ದರಿಂದಲೇ ಧಾಮಕ್ಕೆ ಬೇಲಿ ಕೂಡದು. ಪಡೆಯ ಕೂಲಿ, ತರಬೇತಿ, ಚಿಕಿತ್ಸೆಯಲ್ಲಿ ಅವರಿಗೆ ಸಮಪಾಲು ಇರಬೇಕು. ಗಡಿಯಲ್ಲಿ ನಿಂತವನೂ ಸುರಂಗಕ್ಕಿಳಿದವನೂ ನಾಡಿಗಾಗಿ ಮೈ ಸವೆಸಿದವರೇ. ದಿಬ್ಬಗಳಲ್ಲಿ ಇನ್ನೂ ಚಿನ್ನವಿದೆ, ಗಣಿ ಮತ್ತೆ ಶುರುವಾಗಲಿದೆ ಎಂಬುದು ಮೂರನೆಯದು. 13 ದಿಬ್ಬಗಳ ಸುಮಾರು 1,003 ಎಕರೆಯಲ್ಲಿ ಮರುಸಂಸ್ಕರಣೆಗೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿದ್ದು ಹೌದು. ಆದರೆ ಮರುಸಂಸ್ಕರಣೆಯಾದರೂ ಉಳಿಯುವುದು ಮತ್ತೆ ಪುಡಿಯೇ. ಅದನ್ನು ಹಸಿರಿನಿಂದ ಹೊದಿಸುವ ಹೊಣೆ ಮತ್ತು ಹಣವನ್ನು ಒಪ್ಪಂದದಲ್ಲೇ ಸೇರಿಸಿದರೆ ಪಡೆಗೆ ಕಾಯಂ ಆದಾಯ ಸಿಗುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ಈ ವಾದ ನೇರವಾಗಿ ತಟ್ಟುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನಿಂತುಹೋಗಿದ್ದ ಗಣಿಗಾರಿಕೆಗೆ 1947ರಲ್ಲಿ ಹೈದರಾಬಾದ್ ಕಂಪನಿ ಮತ್ತೆ ಚಾಲನೆ ಕೊಟ್ಟಿತು. ಇಂದು ದೇಶದ ಗಣಿಚಿನ್ನದ ಬಹುಪಾಲು ಅಲ್ಲಿಯದೇ. ಅಲ್ಲಿನ ಗಣಿಯೂ ಒಂದು ದಿನ ಮುಗಿಯುತ್ತದೆ. ಕೋಲಾರದಲ್ಲಿ ಬೀಗ ಹಾಕಿದ ಮೇಲೆ ಯೋಚನೆ ಶುರುವಾದದ್ದರಿಂದ ಎರಡು ದಶಕಗಳ ಧೂಳನ್ನು ಜನ ಉಸಿರಾಡಬೇಕಾಯಿತು. ಹಟ್ಟಿಯಲ್ಲಿ ಗಣಿ ಲಾಭ ತರುತ್ತಿರುವಾಗಲೇ ಬೀದರ್, ಕಲಬುರಗಿ, ರಾಯಚೂರುಗಳ ಮಾಜಿ ಸೈನಿಕರನ್ನೂ ಸುತ್ತಲಿನ ಹಳ್ಳಿಗರನ್ನೂ ಸೇರಿಸಿ ಪರಿಸರ ಪಡೆಯೊಂದನ್ನು ಕಟ್ಟಿದರೆ, ಗಣಿ ಮುಚ್ಚುವ ಹೊತ್ತಿಗೆ ಕಾಡೂ ಇರುತ್ತದೆ, ಅದನ್ನು ಬೆಳೆಸಿದವರಿಗೆ ಅಲ್ಲೇ ನೆಲೆಯೂ ಇರುತ್ತದೆ. ರಾಜ್ಯ ಸರ್ಕಾರ ಈ ಪ್ರಯೋಗವನ್ನು ಹಟ್ಟಿಯಿಂದಲೇ ಆರಂಭಿಸಬೇಕು.