ಶಾಖ ಆಘಾತ ಪ್ರೋಟೀನುಗಳು: ನೊಣದಿಂದ ಶ್ವಾಸಕೋಶದ ಗಡ್ಡೆಯವರೆಗೆ



ಮೊಟ್ಟೆ ಬೇಯುವುದನ್ನು ನೀವು ನೋಡಿರುತ್ತೀರಿ. ಪಾರದರ್ಶಕವಾಗಿದ್ದ ಲೋಳೆ ಬಿಸಿ ತಗುಲಿದ ಕೆಲವೇ ನಿಮಿಷಗಳಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ಎಷ್ಟು ಆರಿಸಿದರೂ ಅದು ಮತ್ತೆ ಮೊದಲಿನಂತಾಗುವುದಿಲ್ಲ. ಲೋಳೆಯಲ್ಲಿರುವ ಪ್ರೋಟೀನುಗಳ ಮಡಿಕೆಗಳು ಬಿಚ್ಚಿ, ಒಂದಕ್ಕೊಂದು ತೊಡರಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ಜೀವಕೋಶಗಳ ಕೆಲಸವೆಲ್ಲ ನಡೆಯುವುದೂ ಪ್ರೋಟೀನುಗಳಿಂದಲೇ. ಜ್ವರದ ತಾಪಕ್ಕೇ ಅವುಗಳಲ್ಲಿ ಕೆಲವು ಸಡಿಲಗೊಳ್ಳುತ್ತವೆ. ಆದರೂ ಜೀವಕೋಶ ಉಳಿದುಕೊಳ್ಳುತ್ತದೆ. ಅದನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಬೇರೇನನ್ನೋ ಹುಡುಕುತ್ತಿದ್ದ ಒಬ್ಬ ವಿಜ್ಞಾನಿಗೆ, ಅದೂ ಆಕಸ್ಮಿಕವಾಗಿ.

ಯಾರೋ ಹೆಚ್ಚಿಸಿದ ಉಷ್ಣತೆ

1960ರ ದಶಕದ ಆರಂಭದಲ್ಲಿ ಇಟಲಿಯ ತಳಿವಿಜ್ಞಾನಿ ಫೆರುಚ್ಚೊ ರಿಟೋಸಾ ಅವರು ಹಣ್ಣಿನ ನೊಣದ ಮರಿಹುಳುಗಳ ಜೊಲ್ಲುಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಈ ಗ್ರಂಥಿಗಳ ವರ್ಣತಂತುಗಳು ಬಹಳ ದಪ್ಪವಾದವು. ಯಾವ ಜೀನು ಚುರುಕಾಗಿ ಕೆಲಸ ಮಾಡುತ್ತಿದೆಯೋ ಆ ಜಾಗದಲ್ಲಿ ವರ್ಣತಂತು ಉಬ್ಬಿಕೊಂಡು ಕಾಣುತ್ತದೆ. ಒಮ್ಮೆ ಅವರ ಕಾವುಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಹೆಚ್ಚಿಸಿಬಿಟ್ಟಿದ್ದರು. ಅಂದು ರಿಟೋಸಾ ಅವರಿಗೆ ಹಳೆಯ ಉಬ್ಬುಗಳ ಬದಲು ಹೊಸ ಜಾಗಗಳಲ್ಲಿ ಉಬ್ಬುಗಳು ಕಂಡವು. ‘ಪ್ರಯೋಗ ಕೆಟ್ಟಿತು’ ಎಂದು ಅವರು ಅದನ್ನು ಎಸೆಯಲಿಲ್ಲ. ಬೇಕೆಂದೇ ಮತ್ತೆ ಬಿಸಿ ಮಾಡಿ ನೋಡಿದರು. ಅದೇ ಉಬ್ಬುಗಳು ಮತ್ತೆ ಕಾಣಿಸಿಕೊಂಡವು.

ಇದಕ್ಕೆ ಜೀವವಿಜ್ಞಾನದಲ್ಲಿ ಮಹತ್ವವಿಲ್ಲ ಎಂದು ಹೆಸರಾಂತ ಪತ್ರಿಕೆಯೊಂದು ಅವರ ಲೇಖನವನ್ನು ಹಿಂದಿರುಗಿಸಿತು. ಕೊನೆಗೆ 1962ರಲ್ಲಿ ‘ಎಕ್ಸ್‌ಪೀರಿಯೆನ್ಶಿಯಾ’ ಎಂಬ ಪತ್ರಿಕೆ ಅದನ್ನು ಪ್ರಕಟಿಸಿತು. ಆ ಉಬ್ಬುಗಳಿಂದ ಹೊರಡುವ ಪ್ರೋಟೀನುಗಳು ಕಂಡುಬಂದದ್ದು ಹನ್ನೆರಡು ವರ್ಷಗಳ ನಂತರ. 1974ರಲ್ಲಿ ಆಲ್‌ಫ್ರೆಡ್ ಟಿಸಿಯೆರ್ ಮತ್ತು ಸಂಗಡಿಗರು ಅವನ್ನು ಗುರುತಿಸಿದರು. ಶಾಖದ ಪೆಟ್ಟಿಗೆ ಉತ್ತರವಾಗಿ ಹುಟ್ಟುವ ಇವುಗಳಿಗೆ ‘ಶಾಖ ಆಘಾತ ಪ್ರೋಟೀನು’ಗಳೆಂಬ ಹೆಸರು ನಿಂತಿತು. ಬ್ಯಾಕ್ಟೀರಿಯ, ಗಿಡಮರ, ಮನುಷ್ಯ ಎಲ್ಲರಲ್ಲೂ ಇವು ಇವೆ. ಅಣುತೂಕಕ್ಕೆ ಅನುಗುಣವಾಗಿ ಇವುಗಳನ್ನು ಎಚ್‌ಎಸ್‌ಪಿ-70, ಎಚ್‌ಎಸ್‌ಪಿ-90 ಮುಂತಾಗಿ ಕರೆಯುತ್ತಾರೆ. ಬಿಸಿಯೊಂದೇ ಅಲ್ಲ, ಆಮ್ಲಜನಕದ ಕೊರತೆ, ವಿಷಲೋಹ ಮುಂತಾದ ಸಂಕಟಗಳಲ್ಲಿಯೂ ಇವುಗಳ ಉತ್ಪಾದನೆ ಏರುತ್ತದೆ.

ಜೀವಕೋಶದ ಸೂಲಗಿತ್ತಿ

ಇವುಗಳ ಕೆಲಸವೇನು? ಪ್ರೋಟೀನು ಎಂಬುದು ಅಮೈನೊ ಆಮ್ಲಗಳ ಉದ್ದನೆಯ ಸರ. ಅದು ಸರಿಯಾದ ಆಕಾರಕ್ಕೆ ಮಡಿಸಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಹೊಸ ಸರ ಮಡಿಸಿಕೊಳ್ಳುವಾಗ ಕೈ ಹಿಡಿಯುವುದು, ಸಡಿಲಗೊಂಡದ್ದು ಬೇರೆಯದಕ್ಕೆ ಅಂಟದಂತೆ ತಡೆಯುವುದು ಈ ಪ್ರೋಟೀನುಗಳ ಕಾಯಕ. ಸೂಲಗಿತ್ತಿಯಂತೆ ಇವು ಸಮಯಕ್ಕೆ ನೆರವಾಗಿ ಪಕ್ಕಕ್ಕೆ ಸರಿಯುತ್ತವೆ. ಸೂಲಗಿತ್ತಿ ಹುಟ್ಟುವ ಮಗು ಮುಂದೆ ಸಾಧುವಾಗುವುದೋ ಕಳ್ಳನಾಗುವುದೋ ಎಂದು ಕೇಳುವುದಿಲ್ಲ. ಇವೂ ಕೇಳುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ಗಡ್ಡೆಗೆ ಊರುಗೋಲು

ಈ ತೊಡಕಿನ ಮೊದಲ ಕುರುಹು ಸಿಕ್ಕಿದ್ದು 1981ರಲ್ಲಿ. ಕೋಳಿಗಳಿಗೆ ಕ್ಯಾನ್ಸರ್ ತರುವ ರೌಸ್ ವೈರಸ್ಸಿನ ‘ಸಾರ್ಕ್’ ಎಂಬ ಪ್ರೋಟೀನಿಗೆ ಎಚ್‌ಎಸ್‌ಪಿ-90 ಅಂಟಿಕೊಂಡಿರುವುದು ಆಗ ತಿಳಿದುಬಂತು. ಕ್ಯಾನ್ಸರನ್ನು ಪ್ರಚೋದಿಸುವ ಪ್ರೋಟೀನುಗಳಲ್ಲಿ ಅನೇಕವು ಅಸ್ಥಿರವಾದವು. ಆಸರೆ ತಪ್ಪಿದರೆ ಜೀವಕೋಶವೇ ಅವನ್ನು ಕತ್ತರಿಸಿ ಹಾಕುತ್ತದೆ.

ಈಗ ಶ್ವಾಸಕೋಶಕ್ಕೆ ಬರೋಣ. ಇಲ್ಲಿನ ಕೆಲವು ಕ್ಯಾನ್ಸರುಗಳಲ್ಲಿ ‘ಬೆಳೆ’ ಎಂದು ಆಜ್ಞೆ ನೀಡುವ ಇಜಿಎಫ್‌ಆರ್ ಎಂಬ ಪ್ರೋಟೀನು ಮಾರ್ಪಟ್ಟಿರುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಇನ್ನು ಕೆಲವದರಲ್ಲಿ ಎಎಲ್‌ಕೆ ಎಂಬ ಜೀನು ಮತ್ತೊಂದಕ್ಕೆ ಬೆಸೆದುಕೊಂಡಿರುತ್ತದೆ ಎಂಬುದನ್ನು 2007ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಧೂಮಪಾನ ಮಾಡದವರಲ್ಲಿಯೂ ಕಾಣುವ ಬಗೆಗಳಿವು. ಈ ಮಾರ್ಪಟ್ಟ ಪ್ರೋಟೀನುಗಳು ನೆಟ್ಟಗೆ ನಿಲ್ಲಲು ಎಚ್‌ಎಸ್‌ಪಿ-90 ಬೇಕೇ ಬೇಕು. ಇತ್ತ ಎಚ್‌ಎಸ್‌ಪಿ-70, ಸಾಯಬೇಕಾದ ಕೋಶವನ್ನು ಸಾಯದಂತೆ ತಡೆಯುತ್ತದೆ.

ಇವೆಲ್ಲಕ್ಕೂ ಗಂಟೆ ಬಾರಿಸುವ ಇನ್ನೊಂದು ಪ್ರೋಟೀನು ಎಚ್‌ಎಸ್‌ಎಫ್-1. ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡ 2007ರಲ್ಲಿ, ಅದಿಲ್ಲದ ಇಲಿಗಳಲ್ಲಿ ಗಡ್ಡೆ ಸುಲಭಕ್ಕೆ ಬೆಳೆಯುವುದಿಲ್ಲವೆಂದು ತೋರಿಸಿತು. 2012ರಲ್ಲಿ ಅದೇ ತಂಡ, ಸ್ತನ, ಕರುಳು ಮತ್ತು ಶ್ವಾಸಕೋಶದ ಗಡ್ಡೆಗಳಲ್ಲಿ ಎಚ್‌ಎಸ್‌ಎಫ್-1 ಚುರುಕಾಗಿದ್ದರೆ ರೋಗಿಯ ಸ್ಥಿತಿ ಹೆಚ್ಚು ಕಠಿಣವೆಂದು ವರದಿ ಮಾಡಿತು.

ಮದ್ದಿನ ಹುಡುಕಾಟ

ಹಾಗಾದರೆ ಈ ಊರುಗೋಲನ್ನೇ ಕಿತ್ತುಕೊಂಡರೆ? ಮಣ್ಣಿನ ಬ್ಯಾಕ್ಟೀರಿಯವೊಂದರಿಂದ 1970ರಲ್ಲಿ ದೊರೆತಿದ್ದ ಗೆಲ್ಡನಮೈಸಿನ್ ಎಂಬ ವಸ್ತು ಎಚ್‌ಎಸ್‌ಪಿ-90ನ್ನು ಹಿಡಿದು ನಿಲ್ಲಿಸುತ್ತದೆಂದು 1994ರಲ್ಲಿ ತಿಳಿಯಿತು. ಅದು ಯಕೃತ್ತಿಗೆ ಹಾನಿಕರವಾದ್ದರಿಂದ ಬೇರೆ ಔಷಧಿಗಳನ್ನು ರೂಪಿಸಿದರು. ಅವುಗಳಲ್ಲೊಂದಾದ ಗ್ಯಾನೆಟೆಸ್ಪಿಬ್ ಅನ್ನು ಶ್ವಾಸಕೋಶದ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲಿ ರೂಢಿಯ ಮದ್ದಿನ ಜೊತೆಗೆ ಕೊಟ್ಟು ನೋಡಿದರು. ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. 2015ರಲ್ಲಿ ಪರೀಕ್ಷೆಯನ್ನು ನಿಲ್ಲಿಸಲಾಯಿತು.

ಇಂಥ ಮದ್ದುಗಳಿಗಿರುವ ಒಂದು ಅಡ್ಡಿಯನ್ನು ಗಮನಿಸಿ. ಎಚ್‌ಎಸ್‌ಪಿ-90ನ್ನು ಕಟ್ಟಿಹಾಕಿದೊಡನೆ ಜೀವಕೋಶಕ್ಕೆ ಅದೇ ಒಂದು ಆಘಾತವಾಗುತ್ತದೆ. ಎಚ್‌ಎಸ್‌ಎಫ್-1 ಗಂಟೆ ಬಾರಿಸುತ್ತದೆ, ಎಚ್‌ಎಸ್‌ಪಿ-70 ಹೆಚ್ಚಾಗುತ್ತದೆ. ಒಂದು ಊರುಗೋಲು ಕಿತ್ತರೆ ಗಡ್ಡೆ ಇನ್ನೊಂದನ್ನು ಹಿಡಿಯುತ್ತದೆ! ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಜಠರ ಹಾಗೂ ಕರುಳಿನ ಒಂದು ಬಗೆಯ ಗಡ್ಡೆಗೆ ಎಚ್‌ಎಸ್‌ಪಿ-90 ತಡೆಯುವ ಪಿಮಿಟೆಸ್ಪಿಬ್ ಎಂಬ ಔಷಧಿಗೆ ಜಪಾನ್ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಮಿತ್ರರೇ, ಪ್ರಯೋಗಾಲಯದಲ್ಲಿ ನಿಮ್ಮ ಫಲಿತಾಂಶ ಪುಸ್ತಕದಂತೆ ಬಾರದಿದ್ದಾಗ ಅದನ್ನು ಅಳಿಸುವ ಮುನ್ನ ರಿಟೋಸಾ ಅವರ ಕಾವುಪೆಟ್ಟಿಗೆಯನ್ನು ನೆನೆಯಿರಿ. ಇನ್ನೊಂದು ಮಾತನ್ನೂ ಮರೆಯದಿರಿ. ಶ್ವಾಸಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ತಂಬಾಕಿನ ಹೊಗೆ. ನಮ್ಮೊಳಗಿನ ಈ ಕಾವಲುಗಾರರು ಪ್ರೋಟೀನಿನ ಮಡಿಕೆಯನ್ನು ಸರಿಪಡಿಸಬಲ್ಲರು, ಹೊಗೆ ಜೀನಿನಲ್ಲಿ ಬರೆದ ತಪ್ಪನ್ನು ತಿದ್ದಲಾರರು. ಆ ತಪ್ಪಿನಿಂದ ಹುಟ್ಟಿದ ಪ್ರೋಟೀನನ್ನೂ ಅವರು ಅಷ್ಟೇ ನಿಷ್ಠೆಯಿಂದ ಕಾಯುತ್ತಾರೆ. ಆದ್ದರಿಂದ ಮೊದಲ ಕಾವಲು ನಮ್ಮದೇ ಆಗಬೇಕು. ಮೊದಲ ಬೀಡಿ, ಮೊದಲ ಸಿಗರೇಟು ಯಾರಾದರೂ ನೀಡಿದ ದಿನವೇ ಬೇಡವೆನ್ನಿ.